ಮೊದಲ ಹಂತದ ಬಿಳಿ ಲೋಳೆ: ಮಂಜೇಶ್ವರ ಕಡೆಯ ಒಂದು ಹಾಸ್ಟೆಲಿನ ಆರ್‌ಬಿಸಿ ಘಟಕ

ಮಂಜೇಶ್ವರ ತಾಲ್ಲೂಕಿನ ಒಳಭಾಗದ ಒಂದು ಮುರಕಲ್ಲಿನ ಗುಡ್ಡೆ. ಮೇಲೆ 400 ಮಕ್ಕಳಿರುವ ವಸತಿಶಾಲೆ, ಇಳಿಜಾರಿನಲ್ಲಿ ಅಡಿಕೆ ತೋಟ, ತೋಟದಂಚಿಗೆ ಕೆಲವು ಮನೆ, ಬಾವಿಗಳು, ನೀರಿಗಾಗಿ ಗುಡ್ಡೆಯೊಳಕ್ಕೆ ಕೊರೆದ ಒಂದು ಸುರಂಗ. ಶಾಲೆಯ ಕೊಳಚೆ ನೀರು ಮೊದಲೆಲ್ಲ ಸೆಪ್ಟಿಕ್ ಟ್ಯಾಂಕಿಗೆ ಹೋಗಿ ಅಲ್ಲಿಂದ ಇಂಗುಗುಂಡಿಗೆ ಬೀಳುತ್ತಿತ್ತು. ಮುರಕಲ್ಲಿನ ಮೈತುಂಬ ತೂತು, ಒಳಗೆ ಪೊಟರೆ. ಮಣ್ಣಿನಲ್ಲಾದರೆ ನಿಧಾನಕ್ಕೆ ಸೋಸಿಕೊಂಡು ಇಳಿಯುವ ನೀರು ಇಲ್ಲಿ ಸೋಸದೆಯೇ ಕೆಳಗಿನ ಬಾವಿ ಸೇರಬಹುದು. ಬಾವಿಗೂ ಗುಂಡಿಗೂ 7.5 ಮೀಟರ್ ಅಂತರ ಬೇಕೆಂಬ ಕೇರಳದ ಕಟ್ಟಡ ನಿಯಮವನ್ನು ಪಾಲಿಸಿದರೂ ಇಂಥ ಕಲ್ಲಿನಲ್ಲಿ ಅದು ಭರವಸೆಯೇನಲ್ಲ. ಸುರಂಗದ ನೀರಿಗೆ ವಾಸನೆ ಬಂದಾಗ ಶಾಲೆಯವರು ದಿನಕ್ಕೆ 50 ಘನ ಮೀಟರ್ ಸಾಮರ್ಥ್ಯದ ಆರ್‌ಬಿಸಿ ಘಟಕ, ಅಂದರೆ ಕೊಳಚೆ ನೀರನ್ನು ಶುದ್ಧ ಮಾಡುವ, ತಿರುಗುವ ಡಿಸ್ಕುಗಳ ಎಸ್‌ಟಿಪಿ, ಹಾಕಿಸಿದರು. ಆರು ತಿಂಗಳೊಳಗೆ ಮೊದಲ ಹಂತದ ಡಿಸ್ಕುಗಳ ಮೇಲೆ ಬಿಳಿ ಲೋಳೆ ಹಿಡಿಯಿತು. ಕೊಳೆತ ಮೊಟ್ಟೆಯ ವಾಸನೆ ಹಾಸ್ಟೆಲಿನವರೆಗೂ ಬಂತು. ಮಳೆಗಾಲದ ಒಂದು ಬೆಳಿಗ್ಗೆ ಡ್ರೈವ್ ಚೈನ್ ತುಂಡಾಯಿತು.

ಶಾಲೆಯ ಹೆಸರು, ಘಟಕ ಕೊಟ್ಟವರ ಹೆಸರು ಇಲ್ಲಿ ಬೇಕಿಲ್ಲ. ಅಂಕಿಗಳನ್ನು ಲೆಕ್ಕ ಹಿಡಿಯಲು ಸುಲಭವಾಗುವಂತೆ ದುಂಡಾಗಿಸಿದೆ.

ಘಟಕದಲ್ಲಿ ಇದ್ದದ್ದು

ಒಂದೇ ಶಾಫ್ಟು. ಅದರ ಮೇಲೆ 2 ಮೀಟರ್ ವ್ಯಾಸದ 144 ಪ್ಲಾಸ್ಟಿಕ್ ಡಿಸ್ಕು. ಎರಡೂ ಮುಖ ಸೇರಿಸಿ ಒಂದೊಂದು ಡಿಸ್ಕಿಗೆ 6.25 ಚದರ ಮೀಟರ್, ಒಟ್ಟು 900 ಚದರ ಮೀಟರ್. ನಡುವೆ ಮೂರು ಅಡ್ಡಗೋಡೆ ಇಟ್ಟು ನಾಲ್ಕು ಸಮಭಾಗ ಮಾಡಿದ್ದರು, ಒಂದೊಂದು ಹಂತಕ್ಕೆ 36 ಡಿಸ್ಕು, 225 ಚದರ ಮೀಟರ್. ಡಿಸ್ಕಿನ ಶೇಕಡಾ 40 ಭಾಗ ನೀರಲ್ಲಿ ಮುಳುಗಿರುತ್ತದೆ. 1 ಎಚ್‌ಪಿ ಗೇರ್ ಮೋಟಾರು ನಿಮಿಷಕ್ಕೆ 3 ಸುತ್ತು ತಿರುಗಿಸುತ್ತದೆ. ಅಂಚಿನ ವೇಗ ಸೆಕೆಂಡಿಗೆ ಸುಮಾರು 0.3 ಮೀಟರ್ ಆಯಿತು, ಆರ್‌ಬಿಸಿಗೆ ರೂಢಿಯಲ್ಲಿರುವ ವೇಗವೇ ಅದು. ತೊಟ್ಟಿಯಲ್ಲಿ ಹಿಡಿಯುವ ನೀರು 4.4 ಘನ ಮೀಟರ್. ಆಮೇಲೆ 1.7 ಮೀಟರ್ ವ್ಯಾಸದ, ತಳ ಆಲಿಕೆಯಂತೆ ಇಳಿದ ಕ್ಲಾರಿಫೈಯರು (ಕೆಸರು ತಳಕ್ಕೆ ಕೂರುವ ತೊಟ್ಟಿ), ಕ್ಲೋರಿನ್ ತೊಟ್ಟಿ.

ಕೆಲಸ ನಡೆಯುವ ಬಗೆ ಸರಳ. ಡಿಸ್ಕಿನ ಮೇಲೆ ಬ್ಯಾಕ್ಟೀರಿಯಾಗಳ ಲೋಳೆಪದರ ಕಟ್ಟುತ್ತದೆ. ಮುಳುಗಿದಾಗ ಅದು ಕೊಳಚೆಯನ್ನು ಹೀರುತ್ತದೆ, ಮೇಲೆ ಬಂದಾಗ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ. ಬ್ಲೋಯರ್ ಬೇಡ. ದಿನಕ್ಕೆ 12 ಯೂನಿಟ್ ಆಸುಪಾಸಿನ ಕರೆಂಟಲ್ಲಿ ಇಷ್ಟು ನೀರು ಶುದ್ಧವಾಗುತ್ತದೆ ಎಂಬುದೇ ಈ ಘಟಕವನ್ನು ಆರಿಸಲು ಕಾರಣ, ಆ ಆಯ್ಕೆ ತಪ್ಪೂ ಅಲ್ಲ.

ಸೆಪ್ಟಿಕ್ ಟ್ಯಾಂಕನ್ನು ಕೆಡವದೆ ಅದನ್ನೇ ಮೊದಲ ತಿಳಿಗಟ್ಟುವ ತೊಟ್ಟಿಯಾಗಿ ಉಳಿಸಿಕೊಂಡಿದ್ದರು. ಮೊದಲ ಕೋಣೆ 30 ಘನ ಮೀಟರ್, ಎರಡನೆಯದು 15. ಎರಡರಲ್ಲೂ ಹಳೆಯ ಕೆಸರು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹೊಸ ಘಟಕ ಬಂತಲ್ಲ, ಇನ್ನೇಕೆ ಇದನ್ನು ಬಗ್ಗಿ ನೋಡುವುದು ಎಂದುಕೊಂಡಿದ್ದರು.

ಬಿಳಿ ಎಲ್ಲಿಂದ ಬಂತು

ಆರೋಗ್ಯವಾಗಿರುವ ಮೊದಲ ಹಂತದ ಲೋಳೆ ಬೂದು ಮಿಶ್ರಿತ ಕಂದು ಬಣ್ಣದ್ದು, 1ರಿಂದ 3 ಮಿಲಿಮೀಟರ್ ದಪ್ಪ, ಉಗುರಿನಿಂದ ಕೆರೆದರೆ ಒಳಗೂ ಹೆಚ್ಚು ಕಡಿಮೆ ಅದೇ ಬಣ್ಣ. ಇಲ್ಲಿ ಮೇಲೆ ಹಾಲುಬಿಳಿ, ನೂಲುನೂಲಾಗಿ ಜೋತ ಪದರ. ಕೆರೆದರೆ ಒಳಗೆ ಕಾಡಿಗೆ ಕಪ್ಪು. ದಪ್ಪ 4 ಮಿಲಿಮೀಟರ್ ದಾಟಿತ್ತು. ಆ ಬಿಳಿ ಎಂದರೆ ಬೆಗ್ಗಿಯಾಟೋವಾ, ಗಂಧಕದ ಸಂಯುಕ್ತವಾದ ಸಲ್ಫೈಡನ್ನು ತಿಂದು ಬದುಕುವ ಬ್ಯಾಕ್ಟೀರಿಯಾ. ಅದು ಕಂಡರೆ ಎರಡರಲ್ಲಿ ಒಂದು ನಡೆದಿರುತ್ತದೆ: ಬರುವ ನೀರಲ್ಲೇ ಸಲ್ಫೈಡ್ ಇದೆ, ಇಲ್ಲವೇ ಲೋಳೆಯ ಒಳಪದರಕ್ಕೆ ಆಮ್ಲಜನಕ ಮುಟ್ಟದೆ ಅಲ್ಲೇ ಸಲ್ಫೈಡ್ ಹುಟ್ಟುತ್ತಿದೆ. ಈ ಘಟಕದಲ್ಲಿ ಎರಡೂ ಇದ್ದವು.

ಬಿಳಿ ಲೋಳೆಗೆ ಭಾರ ಮಾತ್ರ, ಕೆಲಸ ಇಲ್ಲ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳ ಜಾಗವನ್ನೂ ಅದು ತಿನ್ನುತ್ತದೆ. ಆಗ ಕೊಳಚೆಯ ಭಾರ ಎರಡನೇ ಹಂತಕ್ಕೆ ದಾಟುತ್ತದೆ, ಅಲ್ಲಿಯೂ ಬಿಳಿ ಶುರುವಾಗುತ್ತದೆ. ನೋಡಿದ ಹೊತ್ತಿಗೆ ಎರಡನೇ ಹಂತದ ಮೊದಲ ಹತ್ತು ಹನ್ನೆರಡು ಡಿಸ್ಕುಗಳ ಅಂಚು ಆಗಲೇ ಬೆಳ್ಳಗಾಗಿತ್ತು. ಮೊದಲ ಹಂತದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 0.2 ಮಿಲಿಗ್ರಾಂ. ಕನಿಷ್ಠ 0.5ರಿಂದ 1 ಬೇಕು, ಕೊನೆಯ ಹಂತಗಳಲ್ಲಿ 2ಕ್ಕಿಂತ ಮೇಲಿರಬೇಕು.

ಮೊದಲು ಮಾಡಿದ ರಿಪೇರಿ ಎಂದರೆ ವೇಗ ಹೆಚ್ಚಿಸಿದ್ದು. ಡ್ರೈವ್ ಪೆಟ್ಟಿಗೆಯಲ್ಲಿ 3 ಸುತ್ತನ್ನು 4.5ಕ್ಕೆ ಏರಿಸಿದರು. ವೇಗದ ಜೊತೆ ವಿದ್ಯುತ್ತಿನ ಎಳೆತ ಹತ್ತಿರ ಹತ್ತಿರ ಮೂರನೇ ಘಾತದಲ್ಲಿ ಏರುತ್ತದೆ. ಒಂದೂವರೆ ಪಟ್ಟು ವೇಗಕ್ಕೆ ಮೂರು ಪಟ್ಟು ದಾಟಿದ ಶಕ್ತಿ. ಲೋಳೆ ಸ್ವಲ್ಪ ಕಿತ್ತುಹೋಗಿ ಒಂದು ವಾರ ಡಿಸ್ಕು ಚೊಕ್ಕವಾಗಿ ಕಂಡಿತು, ಮತ್ತೆ ಬೆಳ್ಳಗಾಯಿತು. ಆಮೇಲೆ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣಗಳು ಬಂದವು. ಹೊತ್ತುಹೊತ್ತಿಗೆ ಮನುಷ್ಯರ ಮಲವೇ ಬಂದು ಬೀಳುವ ತೊಟ್ಟಿಗೆ ಬ್ಯಾಕ್ಟೀರಿಯಾವನ್ನು ದುಡ್ಡು ಕೊಟ್ಟು ತಂದು ಹಾಕುವುದರಲ್ಲಿ ಅರ್ಥವಿಲ್ಲ. ಕೊರತೆ ಇದ್ದದ್ದು ಆಮ್ಲಜನಕಕ್ಕೆ.

ಸರಾಸರಿಯಲ್ಲಿ ಮುಚ್ಚಿಹೋದ ತಪ್ಪು

ವಿನ್ಯಾಸದ ಕಾಗದ ಹೀಗಿತ್ತು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡಾ 80 ಕೊಳಚೆಯಾಗಿ ಬರುತ್ತದೆ, ಸಿಬ್ಬಂದಿಯನ್ನೂ ಸೇರಿಸಿದರೆ 45 ಘನ ಮೀಟರ್. ಬಿಒಡಿ (ನೀರಿನ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 250 ಮಿಲಿಗ್ರಾಂ ಎಂದು ಹಿಡಿದು, ಸೆಪ್ಟಿಕ್ ಟ್ಯಾಂಕಿನಲ್ಲಿ ಶೇಕಡಾ 30 ಇಳಿಯುತ್ತದೆ ಎಂದು ಕಳೆದರೆ ದಿನಕ್ಕೆ 7.9 ಕಿಲೋ ಉಳಿಯುತ್ತದೆ. 900 ಚದರ ಮೀಟರಿಗೆ ಹಂಚಿದರೆ ಪ್ರತಿ ಚದರ ಮೀಟರಿಗೆ 8.8 ಗ್ರಾಂ. ಬಿಒಡಿ ತೆಗೆಯುವ ಆರ್‌ಬಿಸಿಗೆ ಸಾಮಾನ್ಯವಾಗಿ 8ರಿಂದ 20 ಗ್ರಾಂ ಒಪ್ಪುತ್ತದೆ. ಹಾಗಾಗಿ ಕಾಗದ ಪಾಸು.

ಆದರೆ ನೀರು 900 ಚದರ ಮೀಟರಿಗೂ ಒಟ್ಟಿಗೆ ಬೀಳುವುದಿಲ್ಲ. ಬಂದದ್ದೆಲ್ಲ ಮೊದಲು 225ರ ಮೇಲೆ ಬೀಳುತ್ತದೆ. ಮೊದಲ ಹಂತ ತಾಳುವುದು ಚದರ ಮೀಟರಿಗೆ 24ರಿಂದ 30 ಗ್ರಾಂ ಬಿಒಡಿ, ಅದಕ್ಕಿಂತ ಮೇಲೆ ಡಿಸ್ಕು ಗಾಳಿಯಿಂದ ತರುವ ಆಮ್ಲಜನಕ ಸಾಲುವುದಿಲ್ಲ. ಕಾಗದದ ಲೆಕ್ಕದಲ್ಲಿಯೇ ಮೊದಲ ಹಂತದ ಭಾರ 35 ಗ್ರಾಂ ಆಗುತ್ತಿತ್ತು. ಅಂದರೆ ಎಲ್ಲವೂ ಅಂದುಕೊಂಡ ಹಾಗೇ ನಡೆದಿದ್ದರೂ ಈ ಘಟಕಕ್ಕೆ ಬಿಳಿ ಹಿಡಿಯುತ್ತಿತ್ತು, ಸ್ವಲ್ಪ ತಡವಾಗಿ ಅಷ್ಟೆ. ಆರ್‌ಬಿಸಿಯ ಕೊಟೇಶನ್ ನೋಡುವವರು ಒಟ್ಟು ಮೇಲ್ಮೈಯನ್ನು ಕೇಳಿ ಸುಮ್ಮನಾಗುತ್ತಾರೆ. ಕೇಳಬೇಕಾದ್ದು ಮೊದಲ ಹಂತಕ್ಕೆ ಎಷ್ಟು ಎಂದು.

ನಿಜವಾಗಿ ಬರುತ್ತಿದ್ದದ್ದು ಇನ್ನೂ ಹೆಚ್ಚು. ಇಡೀ ದಿನ ಗಂಟೆಗೊಮ್ಮೆ ಹಿಡಿದು ಬೆರೆಸಿದ ಮಾದರಿಯಲ್ಲಿ ಸೆಪ್ಟಿಕ್ ಟ್ಯಾಂಕ್ ದಾಟಿದ ನೀರಿನ ಬಿಒಡಿ 330. ಬೆಳಿಗ್ಗೆ ಹನ್ನೊಂದಕ್ಕೆ ಒಂದೇ ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿದ್ದ ಹಿಂದಿನ ವರದಿಗಳು ಇದಕ್ಕಿಂತ ಎಷ್ಟೋ ಕಡಿಮೆ ತೋರಿಸಿದ್ದವು, ಏಕೆಂದರೆ ಆ ಹೊತ್ತಿಗೆ ಸ್ನಾನದ ನೀರೇ ಹೆಚ್ಚು. 330ರಂತೆ ದಿನಕ್ಕೆ 14.85 ಕಿಲೋ. ಒಟ್ಟು ಸರಾಸರಿ 16.5 ಗ್ರಾಂ, ಈಗಲೂ ‘ಮಿತಿಯೊಳಗೆ’. ಮೊದಲ ಹಂತದಲ್ಲಿ 66.

ಅಡುಗೆಮನೆ

ಹೆಚ್ಚುವರಿ ಬಿಒಡಿ ಬರುತ್ತಿದ್ದ ದಾರಿ ಹುಡುಕಿದರೆ ಅಡುಗೆಮನೆಗೆ ಹೋಗಿ ನಿಲ್ಲುತ್ತದೆ. ಎರಡು ಹೊತ್ತಿಗೆ ಸೇರಿ ದಿನಕ್ಕೆ ಸುಮಾರು 100 ಕಿಲೋ ಕುಚ್ಚಲಕ್ಕಿ. ಹೆಚ್ಚು ನೀರಲ್ಲಿ ಬೇಯಿಸಿ ಬಸಿಯುವ ಕ್ರಮ. ಬಸಿದ ಗಂಜಿತಿಳಿ ನೇರ ಚರಂಡಿಗೆ. “ಗಂಜಿತಿಳಿ ಅಂದ್ರೆ ನೀರೇ ಅಲ್ವಾ ಸಾರ್, ಅದ್ರಿಂದ ಎಂತ ಆಗ್ತದೆ?” ಎಂದು ಭಟ್ಟರು ವಾರ್ಡನ್‌ರನ್ನು ಕೇಳಿದ್ದು ಸಹಜವೇ, ನೋಡಲು ಅದು ತೊಳೆದ ನೀರಿನ ಹಾಗೇ ಇರುತ್ತದೆ. ಆದರೆ ಹೀಗೆ ಬಸಿದಾಗ ಅಕ್ಕಿಯ ಶೇಕಡಾ 4ರಷ್ಟು ಪಿಷ್ಟ ನೀರಿನ ಜೊತೆ ಹೋಗುತ್ತದೆ ಎಂದು ಹಿಡಿದರೂ 4 ಕಿಲೋ ಪಿಷ್ಟ, ಅಂದರೆ ಸುಮಾರು 3 ಕಿಲೋ ಬಿಒಡಿ. ಇಡೀ ಹಾಸ್ಟೆಲಿನ ಭಾರದ ಐದನೇ ಒಂದು ಪಾಲು ಒಂದೇ ತಪ್ಪಲೆಯಿಂದ! ಅದೂ ಕರಗಿದ ಪಿಷ್ಟ, ಸೆಪ್ಟಿಕ್ ಟ್ಯಾಂಕಿನಲ್ಲಿ ತಳಕ್ಕೆ ಕೂರುವುದಿಲ್ಲ. ಕೊಳೆತು ಹುಳಿಯಾಗಿ ಮುಂದಕ್ಕೆ ಹೋಗುತ್ತದೆ.

ಪರಿಹಾರ ಊರಿನಲ್ಲೇ ಇತ್ತು. ಗಂಜಿತಿಳಿಯನ್ನು 200 ಲೀಟರಿನ ಎರಡು ಡ್ರಮ್ಮಿಗೆ ಬಸಿದು ಆರಲು ಬಿಟ್ಟು, ತರಕಾರಿ ಸಿಪ್ಪೆಯ ಜೊತೆ ಹತ್ತಿರದ ಹಟ್ಟಿಗಳಿಗೆ ಕಲಗಚ್ಚಿಗೆ ಕೊಡುವ ಏರ್ಪಾಟಾಯಿತು. ತೆಂಗಿನೆಣ್ಣೆಯದು ಬೇರೆ ಸಮಸ್ಯೆ. 25 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ ಅದು. ಬಿಸಿನೀರಲ್ಲಿ ತೊಳೆದಾಗ ಗ್ರೀಸ್ ಟ್ರ್ಯಾಪನ್ನು ದಾಟಿ ಹೋಗಿ, ಡಿಸೆಂಬರಿನ ಬೆಳಿಗ್ಗೆ ಪೈಪಿನೊಳಗೆ ಹೆಪ್ಪುಗಟ್ಟುತ್ತದೆ. ಹಳೆಯ ಟ್ರ್ಯಾಪು ಬಕೆಟ್ಟಿನಷ್ಟಿತ್ತು. ಅದನ್ನು ತೆಗೆದು ಅಡುಗೆಮನೆಯ ಅತಿ ಹೆಚ್ಚು ಹರಿವನ್ನು ಅರ್ಧ ಗಂಟೆ ಹಿಡಿದಿಡುವ, ಮೂರು ಕೋಣೆಯ 800 ಲೀಟರಿನ ತೊಟ್ಟಿ ಕಟ್ಟಿಸಿದರು. ಕಾಯಿತುರಿಯ ಚರಟೆಪುಡಿ, ಅನ್ನದ ಅಗುಳು ತಡೆಯಲು ಸಿಂಕುಗಳಿಗೆ 3 ಮಿಲಿಮೀಟರ್ ಜಾಲರಿ. ವಾರಕ್ಕೆ ಎರಡು ಸಲ ಮೇಲಿನ ಕೆನೆ ತೆಗೆಯದಿದ್ದರೆ ಎಷ್ಟು ದೊಡ್ಡ ಟ್ರ್ಯಾಪು ಕಟ್ಟಿದರೂ ಇದ್ದೂ ಇಲ್ಲದ ಹಾಗೆ.

ಇಷ್ಟರಿಂದ ಬಿಒಡಿ 230ರ ಆಸುಪಾಸಿಗೆ ಇಳಿಯಿತು, ದಿನಕ್ಕೆ 10.35 ಕಿಲೋ.

ಅಡ್ಡಗೋಡೆ ಕಳಚಿದ್ದು

ಹೊಸ ಡಿಸ್ಕು ಕೊಳ್ಳದೆ ಮೊದಲ ಹಂತವನ್ನು ದೊಡ್ಡದು ಮಾಡುವ ಉಪಾಯ ಒಂದಿದೆ, ಅರ್ಧ ದಿನದ ಕೆಲಸ. ಒಂದು ಮತ್ತು ಎರಡನೇ ಹಂತದ ನಡುವಿನ ಅಡ್ಡಹಲಗೆ ತೆಗೆದರೆ ಎರಡೂ ಸೇರಿ 450 ಚದರ ಮೀಟರಿನ ಒಂದೇ ಹಂತ. 10.35 ಕಿಲೋ ಅದರ ಮೇಲೆ ಬಿದ್ದರೆ ಚದರ ಮೀಟರಿಗೆ 23 ಗ್ರಾಂ, ಮಿತಿಯೊಳಗೆ. ಹಿಂದೆ ಉಳಿದ ಎರಡು ಹಂತ ಹಾಗೇ ಇರಲಿ. ಎಲ್ಲ ಹಲಗೆ ತೆಗೆದರೆ ಕೊಳಚೆ ನೇರ ಕೊನೆಗೆ ನುಸುಳಿ, ಅಲ್ಲಿ ಬೆಳೆಯುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸೋಲುತ್ತದೆ. ಹಲಗೆ ತೊಟ್ಟಿಗೆ ಬೆಸೆದಿದ್ದರೆ ನಡುವಿನಲ್ಲಿ, ನೀರಿನ ಮಟ್ಟದ ಕೆಳಗೆ, ಅಗಲವಾದ ಕಿಂಡಿ ಕೊರೆದರೂ ಸಾಕು.

ದಪ್ಪ ಲೋಳೆ ಇಳಿಸಲು ಕತ್ತಿ, ಬ್ರಶ್ಶು ಬೇಡ. ಡಿಸ್ಕು ಒಡೆಯುತ್ತದೆ, ಜೊತೆಗೆ ಒಳ್ಳೆಯ ಪದರವೂ ಹೋಗುತ್ತದೆ. ಮೂರು ಫೇಸಿನ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ ತಿರುಗುವ ದಿಕ್ಕು ಬದಲಿಸಿದರು. ಒಂದೇ ಕಡೆಗೆ ಬಾಗಿ ಬೆಳೆದ ಲೋಳೆ ಉಲ್ಟಾ ಎಳೆತಕ್ಕೆ ಚಾಪೆಚಾಪೆಯಾಗಿ ಕಳಚಿತು. ಉಳಿದದ್ದಕ್ಕೆ ತೋಟದ ಹೋಸಿನ ನೀರು. ದಿಕ್ಕು ಬದಲಿಸುವ ಮುಂಚೆ ಚೈನಿನ ಗಾರ್ಡು, ಟೆನ್ಶನರ್ ಯಾವ ಬದಿಗಿದೆ ನೋಡಿಕೊಳ್ಳಬೇಕು. ಕಳಚಿದ ಲೋಳೆ ಒಮ್ಮೆಲೇ ಕ್ಲಾರಿಫೈಯರಿಗೆ ಬರುವುದರಿಂದ ಆ ಎರಡು ದಿನ ಕೆಸರನ್ನು ಗಂಟೆಗೊಮ್ಮೆ ಎಳೆದರು. ತೊಟ್ಟಿಯ ತಳದ ಡ್ರೈನ್ ವಾಲ್ವ್ ತೆರೆದಾಗ ಮೊದಲ ಹಂತದಿಂದ ಕಪ್ಪು ಕೆಸರು ಬುಡಬುಡನೆ ಬಂತು. ಇಷ್ಟು ದಿನ ಅದೂ ಆಮ್ಲಜನಕ ತಿನ್ನುತ್ತ ಕೂತಿತ್ತು.

ಸೆಪ್ಟಿಕ್ ಟ್ಯಾಂಕಿನ ಹೊಸ ಕೆಲಸ

ಸಲ್ಫೈಡ್ ಹುಟ್ಟುತ್ತಿದ್ದದ್ದು ಅಲ್ಲಿಯೇ. ಎರಡೂ ಕೋಣೆಯ ಕೆಸರನ್ನು ಸಕ್ಕಿಂಗ್ ಲಾರಿಯಲ್ಲಿ ತೆಗೆಸಿದರು. ಮೊದಲ ಕೋಣೆ ತಿಳಿಗಟ್ಟಲು ಉಳಿಯಿತು. ಎರಡನೇ ಕೋಣೆಯನ್ನು ಹರಿವು ಸಮ ಮಾಡುವ ತೊಟ್ಟಿಯಾಗಿ ಬದಲಿಸಿದರು, ಏಕೆಂದರೆ ಬೆಳಗಿನ ನೂಕುನುಗ್ಗಲು ಇನ್ನೊಂದು ತೊಂದರೆಯಾಗಿತ್ತು. ಐದೂವರೆಯಿಂದ ಎಂಟೂವರೆಯೊಳಗೆ 18 ಘನ ಮೀಟರ್ ನೀರು, ಗಂಟೆಗೆ 6. ಕ್ಲಾರಿಫೈಯರಿನ ವಿಸ್ತೀರ್ಣ 2.27 ಚದರ ಮೀಟರ್. ಸರಾಸರಿ ಹರಿವಿಗೆ ದಿನಕ್ಕೆ 20 ಮೀಟರಿನ ಏರುವೇಗ ಚೆನ್ನಾಗಿಯೇ ಇತ್ತು, ಆದರೆ ಬೆಳಗಿನ ಹೊತ್ತು ಅದು 63 ಮೀಟರಿಗೆ ಹಾರುತ್ತಿತ್ತು. ಕೂತ ಕೆಸರೆಲ್ಲ ಎದ್ದು ತೋಟದ ಪೈಪಿಗೆ.

ಈಗ ಎರಡನೇ ಕೋಣೆಯಿಂದ ಪಂಪು ಗಂಟೆಗೆ 2.7 ಘನ ಮೀಟರಿನಂತೆ ಹಗಲೂ ರಾತ್ರಿ ಡಿಸ್ಕಿಗೆ ಕಳಿಸುತ್ತದೆ. ದಿನಕ್ಕೆ 65 ಘನ ಮೀಟರ್ ಆಯಿತಲ್ಲ, ಬರುವುದು 45 ಮಾತ್ರ. ಉಳಿದ 20 ಎಂದರೆ ಕೊನೆಯ ಹಂತದ ನೀರನ್ನೇ ಕ್ಲಾರಿಫೈಯರಿಗೆ ಹೋಗುವ ಮುಂಚೆ ತಿರುಗಿಸಿ ಸೆಪ್ಟಿಕ್ ಟ್ಯಾಂಕಿನ ಮೊದಲ ಕೋಣೆಯ ಬಾಯಿಗೆ ಬಿಡುವುದು. ಇಡೀ ಪ್ರಕರಣದಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಟ್ಟ ಬದಲಾವಣೆ ಇದೇ. ಕೊನೆಯ ಹಂತದ ನೀರಲ್ಲಿ ನೈಟ್ರೇಟ್ ಇರುತ್ತದೆ. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ನೈಟ್ರೇಟ್ ಸಿಕ್ಕಿದರೆ ಅವು ಸಲ್ಫೇಟಿನ ಗೋಜಿಗೆ ಹೋಗುವುದಿಲ್ಲ, ಆದ್ದರಿಂದ ಸಲ್ಫೈಡ್ ಹುಟ್ಟುವುದಿಲ್ಲ. ನೈಟ್ರೇಟ್ ಸಾರಜನಕದ ಅನಿಲವಾಗಿ ಹಾರಿಹೋಗುತ್ತದೆ. ವಾಸನೆ ಹತ್ತೇ ದಿನದಲ್ಲಿ ಇಳಿಯಿತು. ಬಿಳಿ ಲೋಳೆ ಪೂರ್ತಿ ಕಂದಾಗಲು ಒಂದು ತಿಂಗಳು ಹಿಡಿಯಿತು.

ಕ್ಲಾರಿಫೈಯರಿನ ಕೆಸರು ದಿನಕ್ಕೆ ಎರಡು ಸಲ, ಐದೈದು ನಿಮಿಷ, ಮೊದಲ ಕೋಣೆಗೇ ಹೋಗುತ್ತದೆ. ಎಳೆಯುವುದು ತಪ್ಪಿದರೆ ತಳದಲ್ಲಿ ಅನಿಲ ಹುಟ್ಟಿ ಕೆಸರು ರೊಟ್ಟಿಯ ಹಾಗೆ ಉಬ್ಬಿ ಮೇಲೆ ತೇಲುತ್ತದೆ.

ಚೈನ್ ತುಂಡಾದ ಬೆಳಿಗ್ಗೆ

ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಲೋಳೆ ಎಂದರೆ ಸುಮಾರು 1 ಕಿಲೋ. ಮೊದಲ ಹಂತದ 225 ಚದರ ಮೀಟರಿನಲ್ಲಿ 4 ಮಿಲಿಮೀಟರ್ ಎಂದರೆ 900 ಕಿಲೋ, ಶಾಫ್ಟಿನ ಒಂದು ತುದಿಯಲ್ಲಿಯೇ. ಜೂನ್ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟಿರಲಿಲ್ಲ. ಜನರೇಟರು ಇತ್ತು, ಆದರೆ ಅದರ ಲೈನು ಹಾಸ್ಟೆಲಿನ ದೀಪಕ್ಕೂ ಬೋರ್‌ವೆಲ್ಲಿಗೂ ಮಾತ್ರ. ಡಿಸ್ಕು ನಿಂತಲ್ಲೇ ನಿಂತಿತು. ಮೇಲಿನ ಶೇಕಡಾ 60 ಭಾಗದ ಲೋಳೆ ನೀರು ಬಸಿದು ಹಗುರವಾಯಿತು, ಮುಳುಗಿದ ಭಾಗ ನೀರು ಕುಡಿದು ಭಾರವಾಗಿಯೇ ಉಳಿಯಿತು. ಬೆಳಿಗ್ಗೆ ಕರೆಂಟು ಬಂದು ಮೋಟಾರು ತಾನಾಗಿ ಶುರುವಾದಾಗ ಭಾರದ ಬದಿ ಮೇಲೇರುವವರೆಗೆ ತಡೆದು, ತುದಿ ದಾಟಿದ್ದೇ ಧೊಪ್ಪನೆ ಕೆಳಗೆ ಬಿತ್ತು. ಆ ಜಗ್ಗಿಗೆ ಚೈನು ಹೋಯಿತು. ಚೈನಿನಲ್ಲೇ ನಿಂತದ್ದು ಅದೃಷ್ಟ. 1970-80ರ ದಶಕಗಳಲ್ಲಿ ಅಮೆರಿಕದ ದೊಡ್ಡ ಘಟಕಗಳಲ್ಲಿ ಲೋಳೆಯ ಭಾರಕ್ಕೆ ಶಾಫ್ಟುಗಳೇ ಮುರಿದಿದ್ದವು, ಅಲ್ಲಿಂದೀಚೆಗೆ ಎಷ್ಟೋ ಕಡೆ ಶಾಫ್ಟಿನ ತೂಕ ಅಳೆಯುವ ಸಾಧನ ಇಡುತ್ತಾರೆ.

ಇಷ್ಟು ಚಿಕ್ಕ ಘಟಕಕ್ಕೆ ಆ ಸಾಧನ ಬೇಡ, ಆಮ್‌ಮೀಟರ್ ಸಾಕು. ಒಂದು ಸುತ್ತಿಗೆ 20 ಸೆಕೆಂಡು. ಆ 20 ಸೆಕೆಂಡಿನಲ್ಲಿ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿದ್ದರೆ ಡಿಸ್ಕು ಸಮತೂಕದಲ್ಲಿದೆ. ಇಲ್ಲಿ ಚೈನು ಬದಲಿಸಿದ ಮರುದಿನ ಮುಳ್ಳು 1.0 ಆಂಪಿಯರಿಂದ 1.7ಕ್ಕೆ ಹೋಗಿ ಬರುತ್ತಿತ್ತು, ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ. ಎರಡು ದಿನ ತಿರುಗಿದ ಮೇಲೆ ಅಂತರ ಕಡಿಮೆಯಾಯಿತು. ಈಗ ದಿನಾ ಬೆಳಿಗ್ಗೆ ಈ ಎರಡು ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಾರೆ.

ಕರೆಂಟು ಹೋದಾಗಿನ ಕ್ರಮ ಹೀಗೆ ಬದಲಾಯಿತು. ಗೇರ್ ಮೋಟಾರಿನ ಲೈನು ಜನರೇಟರಿಗೆ ಸೇರಿತು, 1 ಎಚ್‌ಪಿ ಅದಕ್ಕೊಂದು ಭಾರವೇ ಅಲ್ಲ. ತಾನಾಗಿ ಶುರುವಾಗುವುದನ್ನು ತೆಗೆದು ಬಟನ್ ಒತ್ತಿಯೇ ಹಚ್ಚುವಂತೆ ಮಾಡಿದರು. ಜನರೇಟರೂ ಕೈಕೊಟ್ಟರೆ ಮೋಟಾರಿನ ಫ್ಯಾನ್ ಬದಿಯ ಶಾಫ್ಟಿಗೆ ಕೂರುವ ಕೈಹಿಡಿಯಿಂದ ಅರ್ಧ ಗಂಟೆಗೊಮ್ಮೆ ಡಿಸ್ಕನ್ನು ಕಾಲು ಸುತ್ತು ತಿರುಗಿಸಬೇಕು. ಅದಕ್ಕೂ ಮುಂಚೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕಬೇಕು. ನಾಲ್ಕು ಗಂಟೆಗಿಂತ ಹೆಚ್ಚು ನಿಂತಿದ್ದರೆ ಮೇಲಿನ ಭಾಗಕ್ಕೆ ನೀರು ಸಿಂಪಡಿಸಿ, ಕೈಯಿಂದ ಎರಡು ಮೂರು ಪೂರ್ತಿ ಸುತ್ತು ಹಾಕಿಸಿ, ಆಮೇಲೆ ಡ್ರೈವ್ ಪೆಟ್ಟಿಗೆಯಲ್ಲಿ ಕಡಿಮೆ ವೇಗದಿಂದ ಹಚ್ಚುವುದು. ಒಂದು ಕೆಲಸ ಮಾತ್ರ ಮಾಡಬಾರದು: ಭಾರ ಇಳಿಸುವ ಯೋಚನೆಯಿಂದ ತೊಟ್ಟಿಯ ನೀರನ್ನು ಬಿಟ್ಟುಬಿಡುವುದು. ಮುಳುಗಿದ ಭಾಗವನ್ನು ನೀರೇ ಮೇಲಕ್ಕೆ ಎತ್ತಿ ಹಿಡಿದಿರುತ್ತದೆ, ನೀರು ಹೋದರೆ ಪೂರ್ತಿ ತೂಕ ಬೇರಿಂಗಿನ ಮೇಲೆ.

ಮಳೆನೀರಿನದ್ದು ಬೇಗ ಮುಗಿಯುವ ಮಾತು. ಸ್ನಾನದ ಕೋಣೆಗಳ ಸಾಲಿನ ಮಾಡಿನ ನೀರು ಕೊಳಚೆ ಪೈಪಿಗೆ ಸೇರಿತ್ತು. 1,000 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 100 ಘನ ಮೀಟರ್ ನೀರು, ಘಟಕದ ಎರಡು ದಿನದ ಪಾಲಿಗಿಂತ ಹೆಚ್ಚು. ಕಾಸರಗೋಡಿನ ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಅಂಥ ದಿನಗಳು ಅಪರೂಪವಲ್ಲ. ಪೈಪು ಬೇರೆ ಮಾಡಿದರು, ಅಷ್ಟೆ.

ರಜೆಯಲ್ಲಿ ಹುಳಿಯಾದ ನೀರು

ಎಲ್ಲ ಸರಿಹೋಯಿತು ಎನ್ನುವಾಗ ಓಣಂ ರಜೆಯಲ್ಲಿ ಹೊಸದೊಂದು ಕಂಡಿತು. ಹಾಸ್ಟೆಲಿನಲ್ಲಿ 100 ಜನ ಮಾತ್ರ, ದಿನಕ್ಕೆ 12 ಘನ ಮೀಟರ್ ನೀರು. ಭಾರ ಕಡಿಮೆ, ನೀರು ಕನ್ನಡಿಯ ಹಾಗೆ ತಿಳಿ, ಆದರೆ ಕೊನೆಯ ಹಂತದಲ್ಲಿ ಪಿಎಚ್ 5.6. ಹೊರಬಿಡುವ ನೀರಿನ ಪಿಎಚ್ 6.5ರಿಂದ 9 ಇರಬೇಕು. ಯಾರೋ ಟಾಯ್ಲೆಟ್ ಆಸಿಡ್ ಸುರಿದಿದ್ದಾರೆ ಎಂದು ಸಫಾಯಿಯವರನ್ನು ವಿಚಾರಿಸಿದ್ದೂ ಆಯಿತು. ಕಾರಣ ಅದಲ್ಲ.

ಬಿಒಡಿ ತೀರಿದ ಮೇಲೆ ಕೊನೆಯ ಹಂತಗಳಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆ ಲೋಳೆ ತೆಳು, ಕೆಂಗಂದು. ಲೀಟರಿನಲ್ಲಿ 1 ಮಿಲಿಗ್ರಾಂ ಅಮೋನಿಯಾ ಸಾರಜನಕ ಹೀಗೆ ಬದಲಾಗಲು 7.14 ಮಿಲಿಗ್ರಾಂ ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಖರ್ಚಾಗುತ್ತದೆ. ಮುರಕಲ್ಲಿನ ಬಾವಿನೀರು ಮೃದು, ತುಸು ಆಮ್ಲೀಯ. ಇಲ್ಲಿನ ಬಾವಿಯಲ್ಲಿ ಕ್ಷಾರೀಯತೆ ಬರೀ 25. ಮೂತ್ರದ ಯೂರಿಯಾ ಒಡೆದಾಗ ಇನ್ನು 143ರಷ್ಟು ಸೇರುತ್ತದೆ, ಒಟ್ಟು 168. ಮಕ್ಕಳೆಲ್ಲ ಇದ್ದಾಗ ಕೊನೆಯ ಎರಡು ಹಂತ 40 ಮಿಲಿಗ್ರಾಂ ಅಮೋನಿಯಾದಲ್ಲಿ 10ನ್ನಷ್ಟೇ ಬದಲಿಸುತ್ತವೆ, ಖರ್ಚು 71, ಏನೂ ತೊಂದರೆಯಿಲ್ಲ. ರಜೆಯಲ್ಲಿ ಭಾರವಿಲ್ಲದ ಕಾರಣ ಪೂರ್ತಿ 40 ಬದಲಾಗಲು ಹೊರಡುತ್ತದೆ, ಬೇಕಾದದ್ದು 286. ಇದ್ದದ್ದೆಲ್ಲ ಮುಗಿದು ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾವೂ ಅಲ್ಲಿಗೆ ನಿಲ್ಲುತ್ತದೆ, ಕಾಂಕ್ರೀಟು ಕೊರೆಯತೊಡಗುತ್ತದೆ. ಗಡಸು ನೀರಿನ ಊರುಗಳಲ್ಲಿ ಪಳಗಿದವರಿಗೆ ಇದು ಹೊಳೆಯುವುದು ಕಷ್ಟ.

ಹಿಂದಕ್ಕೆ ತಿರುಗಿಸಿದ ನೀರಿನಿಂದ ನೈಟ್ರೇಟಿನ ಒಂದು ಪಾಲು ಅನಿಲವಾಗಿ ಹೋಗುವಾಗ ಅರ್ಧದಷ್ಟು ಕ್ಷಾರೀಯತೆ ಮರಳಿ ಸಿಗುತ್ತದೆ. ಉಳಿದ ಕೊರತೆಗೆ ಸುಣ್ಣ. ಕೊನೆಗೆ 60 ಮಿಲಿಗ್ರಾಂ ಉಳಿಯುವಂತೆ ಲೆಕ್ಕ ಹಾಕಿದರೆ ದಿನಕ್ಕೆ 12 ಘನ ಮೀಟರಿಗೆ ಅರಳಿದ ಸುಣ್ಣ 1.2 ಕಿಲೋ, ಕರಾವಳಿಯಲ್ಲಿ ಸಿಗುವ ಚಿಪ್ಪಿನ ಸುಣ್ಣದಲ್ಲಿ ಕಸರು ಇರುವುದರಿಂದ ಒಂದೂವರೆ ಕಿಲೋ. 100 ಲೀಟರಿನ ಡ್ರಮ್ಮಿನಲ್ಲಿ ಕದಡಿ, ಸೋಸಿ, ನಲ್ಲಿಯಿಂದ ಹನಿಹನಿಯಾಗಿ ಮೂರನೇ ಹಂತದ ಬಾಯಿಗೆ. ಒಮ್ಮೆಲೇ ಸುರಿದರೆ ಪಿಎಚ್ 9 ದಾಟಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅಡುಗೆ ಸೋಡಾ ಆದರೆ 2.7 ಕಿಲೋ ಬೇಕು, ದುಬಾರಿ, ಆದರೆ ಅತಿಯಾಗುವ ಭಯವಿಲ್ಲ. ಶಾಲೆಯವರು ಕೊನೆಗೆ ಒಪ್ಪಿದ್ದು ಇನ್ನೂ ಸುಲಭದ್ದನ್ನು: ಮರುವಾಯಿ ಚಿಪ್ಪನ್ನು ಜಜ್ಜಿ ಬಲೆಚೀಲದಲ್ಲಿ ತುಂಬಿ ಮೂರನೇ ಹಂತದ ದಾರಿಯಲ್ಲಿ ತೂಗುಹಾಕುವುದು. ನೀರು ಹುಳಿಯಾದಷ್ಟು ಕರಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ವಾರಕ್ಕೊಮ್ಮೆ ಚೀಲ ಕುಲುಕಿ ಲೋಳೆ ಬಿಡಿಸಬೇಕು. ದೊಡ್ಡ ಕೊರತೆಗೆ ಇದೊಂದೇ ಸಾಲದು, ರಜೆಯ ಮೊದಲ ವಾರ ಸುಣ್ಣದ ಡ್ರಮ್ಮೂ ಬೇಕು.

ಹೊರಗೆ ಹೋಗುವ ನೀರು

ಬಿಒಡಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡಿದ ವರದಿಗಳು ಈಗ 30ರ ಕೆಳಗಿವೆ, ಎಸ್‌ಟಿಪಿಗಳಿಗೆ 2017ರ ಕೇಂದ್ರ ಅಧಿಸೂಚನೆ ಮಹಾನಗರಗಳ ಹೊರಗೆ ಇಟ್ಟ ಮಿತಿ ಅದು. ಆದರೂ ಅನುಮತಿ ಪತ್ರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಬರೆದ ಅಂಕಿಯನ್ನೇ ಹಿಡಿಯಬೇಕು. ಆರ್‌ಬಿಸಿ ರೋಗಾಣುಗಳನ್ನು ಕೊಲ್ಲುವ ಯಂತ್ರವಲ್ಲ. 45 ಘನ ಮೀಟರಿಗೆ ಲೀಟರಿಗೆ 5 ಮಿಲಿಗ್ರಾಂ ಕ್ಲೋರಿನ್ ಎಂದರೆ ದಿನಕ್ಕೆ 225 ಗ್ರಾಂ, ಬ್ಲೀಚಿಂಗ್ ಪೌಡರಿನ ಲೆಕ್ಕದಲ್ಲಿ 900 ಗ್ರಾಂ, ಅರ್ಧ ಗಂಟೆಯ ಸಂಪರ್ಕ. ಮಳೆಗಾಲದ ತೇವಕ್ಕೆ ಬಾಯಿ ಬಿಚ್ಚಿಟ್ಟ ಚೀಲದ ಪೌಡರು ತಿಂಗಳೊಳಗೆ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಮುಚ್ಚಳದ ಡಬ್ಬಿ.

ಇಂಗುಗುಂಡಿಯನ್ನು ಮುಚ್ಚಿದರು. ಶುದ್ಧವಾದ ನೀರಲ್ಲೂ ನೈಟ್ರೇಟ್ ಇರುತ್ತದೆ. ಸಾರಜನಕದ ಲೆಕ್ಕದಲ್ಲಿ 20 ಮಿಲಿಗ್ರಾಂ ಎಂದರೆ ನೈಟ್ರೇಟಾಗಿ ಸುಮಾರು 89, ಕುಡಿಯುವ ನೀರಿನ ಮಿತಿ 45. ಮುರಕಲ್ಲಿನೊಳಗೆ ಅದನ್ನು ತಡೆಯುವುದು ಏನೂ ಇಲ್ಲ. ಅಡಿಕೆ, ತೆಂಗಿನ ಬುಡಕ್ಕೆ ಕೊಟ್ಟರೆ ಅದೇ ಗೊಬ್ಬರ, ಬೇಸಿಗೆಯಲ್ಲಿ ತೋಟಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಮಳೆಗಾಲದಲ್ಲಿ ತೋಟಕ್ಕೆ ನೀರೇ ಬೇಡದಿರುವಾಗ ಶೌಚಾಲಯದ ಫ್ಲಶ್ಶಿಗೆ ತಿರುಗಿಸುವ ಪೈಪು ಹಾಕಿದ್ದಾರೆ, ಆದರೂ ಜೂನ್–ಆಗಸ್ಟ್‌ನಲ್ಲಿ ಸ್ವಲ್ಪ ಉಳಿಯುತ್ತದೆ. ಈ ಭಾಗ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮಕ್ಕಳ ಸಂಖ್ಯೆಯನ್ನು 550ಕ್ಕೆ ಏರಿಸುವ ಯೋಚನೆ ಶಾಲೆಗಿದೆ. ಆಗ ದಿನಕ್ಕೆ 62 ಘನ ಮೀಟರ್, 14.2 ಕಿಲೋ ಬಿಒಡಿ, ಮೊದಲ ಹಂತದ ಭಾರ ಮತ್ತೆ 31 ಗ್ರಾಂ ದಾಟುತ್ತದೆ. ಒಟ್ಟು ಮೇಲ್ಮೈಯ ಸರಾಸರಿ 15.8, ಕಾಗದದಲ್ಲಿ ಮತ್ತೆ ಪಾಸು. ಇನ್ನೊಂದು ಶಾಫ್ಟು ಬೇಕಾಗುತ್ತದೆ, ಅದನ್ನು ಈಗಿನದರ ಹಿಂದೆ ಸಾಲಾಗಿ ಇಟ್ಟರೆ ಮೊದಲ ಹಂತಕ್ಕೆ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಪಕ್ಕದಲ್ಲಿ ಇಟ್ಟು ಹರಿವನ್ನು ಎರಡಾಗಿ ಹಂಚಬೇಕು. ಕ್ಲಾರಿಫೈಯರಿನ ಏರುವೇಗವೂ ಆಗ ದಿನಕ್ಕೆ 27 ಮೀಟರಿಗೆ ಬರುತ್ತದೆ, ಸರಾಸರಿ ಹರಿವಿಗೆ ಸಾಮಾನ್ಯವಾಗಿ ಹಿಡಿಯುವ ಗರಿಷ್ಠ 28ರ ಹತ್ತಿರ.